ರಿವಾಲ್ವರ್ ಒಳಗಿನ ಬೀಗ: ಕೊಳ್ಳುವವರಿಗೆ ಅದು ಲೆಕ್ಕಕ್ಕಿದೆಯಾ?

ಅಮೆರಿಕದ ಸ್ಮಿತ್ ಆಂಡ್ ವೆಸನ್ ಕಂಪನಿಯ ರಿವಾಲ್ವರ್ ಒಂದನ್ನು ಎಡಮಗ್ಗುಲಿಂದ ನೋಡಿ. ಗುಂಡು ತುಂಬುವ ಸಿಲಿಂಡರನ್ನು ಹೊರಕ್ಕೆ ಬಿಡಿಸಲು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳುವ ಒಂದು ತುಂಡು ಇರುತ್ತದೆ. ಅದರ ಸ್ವಲ್ಪ ಮೇಲೆ ಒಂದು ಪುಟ್ಟ ತೂತು. ಪಕ್ಕದಲ್ಲಿ ಒಂದು ಬಾಣದ ಗುರುತು. ರಿವಾಲ್ವರ್ ಜೊತೆ ಬರುವ ಚಿಕ್ಕ ಬೀಗದ ಕೈಯನ್ನು ಅದರಲ್ಲಿ ಹಾಕಿ ತಿರುಗಿಸಿದರೆ, ಗುಂಡಿನ ಹಿಂಭಾಗಕ್ಕೆ ಬಡಿದು ಅದನ್ನು ಹಾರಿಸುವ ಹ್ಯಾಮರ್ ಪಕ್ಕದಲ್ಲಿ ತೆಳ್ಳಗಿನ ಲೋಹದ ತುಂಡೊಂದು ತಲೆ ಎತ್ತುತ್ತದೆ. ಅಲ್ಲಿಗೆ ಹ್ಯಾಮರ್ ಅಲ್ಲಾಡುವುದಿಲ್ಲ, ಟ್ರಿಗರ್ ಎಳೆಯಲು ಬರುವುದಿಲ್ಲ. ಮತ್ತೆ ಕೀ ತಿರುಗಿಸುವವರೆಗೆ ಅದು ಬರೀ ಒಂದು ಕಬ್ಬಿಣದ ತುಂಡು.

ಕೇಳೋಕೆ ಒಳ್ಳೆಯದೇ ಅಲ್ವಾ? ಮನೆಯಲ್ಲಿ ಮಕ್ಕಳಿರುತ್ತಾರೆ, ಕಳ್ಳರು ಬರುತ್ತಾರೆ. ಆಯುಧದೊಳಗೇ ಬೀಗ ಇದ್ದರೆ ತಪ್ಪೇನು? ಆದರೆ ಈ ತೂತಿನ ಮೇಲೆ ಅಲ್ಲಿನ ಬಂದೂಕುಪ್ರಿಯರು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಜಗಳ ಆಡುತ್ತಿದ್ದಾರೆ. ಬೀಗ ಇರುವ ಹೊಸ ರಿವಾಲ್ವರ್ ಬೇಡ ಎಂದು ಬೀಗವಿಲ್ಲದ ಹಳೇ ರಿವಾಲ್ವರನ್ನು ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದಾರೆ. ಕಂಪನಿ ಕೂಡ 2024ರಲ್ಲಿ ಬೀಗವಿಲ್ಲದ ಹೊಸ ಸಣ್ಣ ರಿವಾಲ್ವರ್‌ಗಳನ್ನು ತಂದಾಗ, ಬೀಗ ಇಲ್ಲ ಎಂಬುದೇ ಅದರ ದೊಡ್ಡ ಪ್ರಚಾರವಾಯಿತು. ಸುರಕ್ಷತೆಯ ಸಾಧನವೊಂದು ಇಲ್ಲ ಅನ್ನುವುದೇ ಮಾರಾಟದ ಮಾತಾಗುವುದು ವಿಚಿತ್ರ. ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ ಎಂದು ಯಾರೂ ಜಾಹೀರಾತು ಕೊಡುವುದಿಲ್ಲ.

ಹಾಗಾದರೆ ಕೊಳ್ಳುವವರಿಗೆ ಈ ಬೀಗ ನಿಜಕ್ಕೂ ಮುಖ್ಯವಾ? ನನ್ನ ಪ್ರಕಾರ, ಬೇಡ ಎನ್ನುವ ಒಂದು ಗುಂಪಿಗೆ ಬಹಳ ಮುಖ್ಯ. ಬೇಕು ಎನ್ನುವ ಗುಂಪು ಇಲ್ಲವೇ ಇಲ್ಲ ಎನ್ನಬಹುದು. ಉಳಿದವರು ಅದನ್ನು ಗಮನಿಸುವುದೂ ಇಲ್ಲ. ಹೀಗಾಗಿದ್ದಕ್ಕೆ ಕಾರಣ ಬೀಗದ ಹುಟ್ಟಿನಲ್ಲೇ ಇದೆ. ಅದು ಕೊಳ್ಳುವವನು ಕೇಳಿ ಬಂದಿದ್ದಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಸೇಫ್ಟಿ ಬೇರೆ, ಲಾಕ್ ಬೇರೆ. ಕೈಜಾರಿ ಬಿದ್ದಾಗ, ಏಟು ತಗಲಿದಾಗ ಗುಂಡು ತಾನಾಗಿ ಹಾರದಂತೆ ನೋಡಿಕೊಳ್ಳುವುದು ಸೇಫ್ಟಿ. ಮಾಲೀಕನನ್ನು ಬಿಟ್ಟು ಬೇರೆಯವರು ಬಳಸದಂತೆ ತಡೆಯುವುದು ಲಾಕ್. ಮಾಮೂಲಿ ರಿವಾಲ್ವರ್‌ನಲ್ಲಿ ಪಿಸ್ತೂಲಿನ ಹಾಗೆ ಬೆರಳಿನಿಂದ ಮೇಲೆ ಕೆಳಗೆ ಮಾಡುವ ಸೇಫ್ಟಿ ಗುಂಡಿ ಇರುವುದಿಲ್ಲ. ಹಾಗಂತ ಅದು ಅಸುರಕ್ಷಿತ ಅಲ್ಲ. ಟ್ರಿಗರನ್ನು ಪೂರ್ತಿ ಎಳೆಯದ ಹೊರತು ಹ್ಯಾಮರ್ ಗುಂಡಿನ ಹಿಂಭಾಗಕ್ಕೆ ತಾಗದಂತೆ ತಡೆಯುವ ವ್ಯವಸ್ಥೆ ಒಳಗೇ ಇರುತ್ತದೆ. ಅದಕ್ಕೆ ಮಾಲೀಕ ಏನೂ ಮಾಡಬೇಕಿಲ್ಲ. ಅದು ಇದೆ ಎಂದು ಗೊತ್ತೂ ಇರಬೇಕಿಲ್ಲ.

ಈ ತರಹದ ಸೇಫ್ಟಿಯನ್ನು ಬಂದೂಕು ಕೊಳ್ಳುವವರು ಯಾವತ್ತೂ ವಿರೋಧಿಸಿದ್ದಿಲ್ಲ. ರೂಗರ್ ಕಂಪನಿಯ ಕೌಬಾಯ್ ಶೈಲಿಯ ಹಳೇ ರಿವಾಲ್ವರ್‌ಗಳಲ್ಲಿ ಹ್ಯಾಮರ್ ಕೆಳಗೆ ಗುಂಡು ಇಟ್ಟುಕೊಂಡು ತಿರುಗುವುದು ಅಪಾಯವಾಗಿತ್ತು. ಬಿದ್ದರೆ ಹಾರಿಬಿಡುತ್ತಿತ್ತು. ಹಾಗಾಗಿ ಆರು ಗುಂಡಿನ ರಿವಾಲ್ವರ್‌ನಲ್ಲಿ ಐದೇ ತುಂಬಿಸುವುದು ತಿಳಿದವರ ರೂಢಿ. 1973ರಲ್ಲಿ ರೂಗರ್ ಟ್ರಾನ್ಸ್‌ಫರ್ ಬಾರ್ ಎಂಬ ಸಣ್ಣ ಪಟ್ಟಿಯನ್ನು ಒಳಗೆ ಸೇರಿಸಿತು. ಟ್ರಿಗರ್ ಎಳೆದಾಗ ಮಾತ್ರ ಅದು ಮೇಲೆ ಬಂದು ಹ್ಯಾಮರಿನ ಏಟನ್ನು ಗುಂಡಿನ ಕಡೆ ದಾಟಿಸುತ್ತದೆ. ಹಳೆಯದನ್ನು ಕಳಿಸಿದರೆ ಪುಕ್ಕಟೆಯಾಗಿ ಬದಲಾಯಿಸಿ ಕೊಡುವ ವ್ಯವಸ್ಥೆಯನ್ನೂ ಕಂಪನಿ ಮಾಡಿತು. ಸ್ಮಿತ್ ಆಂಡ್ ವೆಸನ್ ಅಂತೂ 1887ರಷ್ಟು ಹಿಂದೆಯೇ ಹಿಡಿಯ ಹಿಂಭಾಗವನ್ನು ಅಂಗೈಯಿಂದ ಒತ್ತಿ ಹಿಡಿದರೆ ಮಾತ್ರ ಹಾರುವ ರಿವಾಲ್ವರ್ ತಂದಿತ್ತು. ಮಗುವೊಂದು ಗಾಯಗೊಂಡ ಸುದ್ದಿ ಕೇಳಿ ಕಂಪನಿಯ ಡ್ಯಾನಿಯಲ್ ವೆಸನ್ ಅದನ್ನು ರೂಪಿಸಿದ ಎಂಬ ಕಥೆ ಇದೆ. ಕಥೆ ಏನೇ ಇರಲಿ, ಆ ಮಾದರಿ 1940ರ ಹೊತ್ತಿನವರೆಗೂ ಮಾರಾಟವಾಯಿತು. ಅಂದರೆ ಕೊಳ್ಳುವವರು ಸುರಕ್ಷತೆಯ ವಿರೋಧಿಗಳು ಅನ್ನುವ ಮಾತು ನಿಲ್ಲುವುದಿಲ್ಲ. ಕೀ ಹಾಕಿ ತಿರುಗಿಸುವ ಲಾಕ್ ಬಂದಾಗ ಮಾತ್ರ ಸಿಟ್ಟು ಬಂತು.

ಆ ಸಿಟ್ಟಿನ ಬೇರು 2000ನೇ ಇಸವಿಯಲ್ಲಿದೆ.

ಅದಕ್ಕೂ ಮುಂಚೆ, 1998ರಿಂದ, ನ್ಯೂ ಆರ್ಲಿಯನ್ಸ್, ಶಿಕಾಗೊ ಸೇರಿ ಹಲವು ನಗರಗಳು ಬಂದೂಕು ಕಂಪನಿಗಳ ಮೇಲೆ ಕೇಸು ಹಾಕಲು ಶುರು ಮಾಡಿದ್ದವು. ನಿಮ್ಮ ಮಾಲಿನಿಂದ ನಮ್ಮ ಆಸ್ಪತ್ರೆ, ಪೊಲೀಸ್ ಖರ್ಚು ಏರಿದೆ, ಕಟ್ಟಿಕೊಡಿ ಎಂಬುದು ವಾದ. ಸಿಗರೇಟು ಕಂಪನಿಗಳ ಮೇಲೆ ರಾಜ್ಯಗಳು ಗೆದ್ದಿದ್ದ ಹೊಸತು ಅದು. 1999ರ ಏಪ್ರಿಲ್‌ನಲ್ಲಿ ಕೊಲಂಬೈನ್ ಶಾಲೆಯ ಹತ್ಯಾಕಾಂಡ ನಡೆಯಿತು. 2000ದ ಫೆಬ್ರವರಿ 29ರಂದು ಮಿಶಿಗನ್ ರಾಜ್ಯದ ಶಾಲೆಯೊಂದರಲ್ಲಿ ಆರು ವರ್ಷದ ಹುಡುಗ ತನ್ನದೇ ಕ್ಲಾಸಿನ ಆರು ವರ್ಷದ ಹುಡುಗಿಯನ್ನು ಗುಂಡಿಟ್ಟು ಕೊಂದ. ಅವನಿಗೆ ಆ ಪಿಸ್ತೂಲು ಸಿಕ್ಕಿದ್ದು ತಾನು ಇದ್ದ ಮನೆಯಲ್ಲೇ. ಇಡೀ ದೇಶ ಬೆಚ್ಚಿಬಿತ್ತು. ಅದಾಗಿ ಮೂರು ವಾರ ತುಂಬುವುದರೊಳಗೆ, ಮಾರ್ಚ್ 17ರಂದು, ಸ್ಮಿತ್ ಆಂಡ್ ವೆಸನ್ ಕಂಪನಿ ಬಿಲ್ ಕ್ಲಿಂಟನ್ ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು.

ಒಪ್ಪಂದದಲ್ಲಿ ಸುಮಾರು ಷರತ್ತುಗಳಿದ್ದವು. 60 ದಿನದೊಳಗೆ ಪ್ರತಿ ಪಿಸ್ತೂಲು, ರಿವಾಲ್ವರ್ ಜೊತೆ ಹೊರಗಿನಿಂದ ಹಾಕುವ ಲಾಕ್ ಕೊಡಬೇಕು. ಎರಡು ವರ್ಷದೊಳಗೆ ಒಳಗೇ ಲಾಕ್ ಕೂರಿಸಬೇಕು. ಮೂರು ವರ್ಷದೊಳಗೆ ಹೊಸ ಮಾದರಿಗಳಲ್ಲಿ ಮಾಲೀಕನನ್ನು ಗುರುತು ಹಿಡಿಯುವ ತಂತ್ರಜ್ಞಾನ ತರಬೇಕು. ಇವೆಲ್ಲಕ್ಕಿಂತ ಅಂಗಡಿಯವರಿಗೆ ಜಾಸ್ತಿ ಉರಿದಿದ್ದು ಬೇರೆ ಷರತ್ತು. ಈ ಕಂಪನಿಯ ಮಾಲು ಮಾರಬೇಕೆಂದರೆ ಅಂಗಡಿಯವರೂ ಒಂದು ನೀತಿಸಂಹಿತೆಗೆ ಸಹಿ ಹಾಕಬೇಕು ಎಂದಿತ್ತು. ಬದಲಿಗೆ ಕಂಪನಿಗೆ ಸಿಕ್ಕಿದ್ದು ಕೇಸುಗಳಿಂದ ಒಂದಿಷ್ಟು ಬಿಡುಗಡೆ.

ಬಂದೂಕು ಮಾಲೀಕರ ದೊಡ್ಡ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಇದನ್ನು ಶರಣಾಗತಿ ಎಂದು ಕರೆಯಿತು. ಗ್ರಾಹಕರು ಬಹಿಷ್ಕಾರ ಹಾಕಿದರು. ಕಂಪನಿಯ ಮಾರಾಟ ನೆಲಕಚ್ಚಿತು. ಕೆಲವು ವಾರ ಕಾರ್ಖಾನೆ ಬಾಗಿಲು ಹಾಕಬೇಕಾಯಿತು. ಒಪ್ಪಂದಕ್ಕೆ ಸಹಿ ಹಾಕಿದ ಮುಖ್ಯಸ್ಥ ಎಡ್ ಶುಲ್ಟ್ಸ್ ಅದೇ ವರ್ಷ ಹುದ್ದೆ ಬಿಟ್ಟರು. ಆಗ ಕಂಪನಿಯ ಒಡೆತನ ಬ್ರಿಟನ್ನಿನ ಟಾಮ್‌ಕಿನ್ಸ್ ಸಂಸ್ಥೆಯದು. 1987ರಲ್ಲಿ 11 ಕೋಟಿ ಡಾಲರಿಗೂ ಜಾಸ್ತಿ ಕೊಟ್ಟು ಕೊಂಡಿದ್ದ ಕಂಪನಿಯನ್ನು ಅದು 2001ರ ಮೇ ತಿಂಗಳಲ್ಲಿ ಬರೀ ಒಂದೂವರೆ ಕೋಟಿ ಡಾಲರಿಗೆ ಕೈತೊಳೆದುಕೊಂಡಿತು. ಮೇಲೆ ಒಂದಿಷ್ಟು ಸಾಲದ ಹೊರೆ ಕೊಂಡವರಿಗೆ ಹೋಯಿತು.

ಕೊಂಡವರು ಯಾರು ಅಂತೀರಾ? ಅರಿಜೋನಾದ ಸೇಫ್-ಟಿ-ಹ್ಯಾಮರ್ ಎಂಬ ಚಿಕ್ಕ ಕಂಪನಿ. ಅವರ ಕಸುಬೇ ಬಂದೂಕಿನ ಲಾಕ್‌ಗಳು. ಆಗ ಕ್ಲಿಂಟನ್ ಹೋಗಿ ಜಾರ್ಜ್ ಬುಷ್ ಬಂದಾಗಿತ್ತು. ಹಳೇ ಒಪ್ಪಂದವನ್ನು ಜಾರಿ ಮಾಡಿಸುವ ಉಮೇದು ಹೊಸ ಸರ್ಕಾರಕ್ಕೆ ಇರಲಿಲ್ಲ. ಕಾಗದ ಹಾಗೇ ಧೂಳು ತಿಂದಿತು. ಬಹಿಷ್ಕಾರವೂ ನಿಧಾನಕ್ಕೆ ಕರಗಿತು. ಆದರೆ ಲಾಕ್ ಮಾತ್ರ ಉಳಿಯಿತು. ಹೊಸ ಮಾಲೀಕರ ಸರಕೇ ಅದಾಗಿದ್ದರಿಂದ ತೆಗೆಯುವ ಪ್ರಶ್ನೆಯೇ ಇರಲಿಲ್ಲ. ಹೀಗೆ ಸರ್ಕಾರದ ಒತ್ತಡದಲ್ಲಿ ಮಾತಾಗಿ, ಲಾಕ್ ಮಾಡುವವರ ಕೈಯಲ್ಲಿ ರೂಪವಾಗಿ, ಕೊಳ್ಳುವವನ ಕೈಗೆ ಬಂತು. ನಡುವೆ ಕೊಳ್ಳುವವನನ್ನು ಯಾರೂ ಕೇಳಲಿಲ್ಲ. ಆ ಪುಟ್ಟ ತೂತಿಗೆ ಹಿಲರಿ ಕ್ಲಿಂಟನ್ ಹೆಸರು ಸೇರಿಸಿ ಒಂದು ಕುಹಕದ ಅಡ್ಡಹೆಸರೂ ಬಿತ್ತು. ಅಸಲಿಗೆ ಆಕೆ ಸೆನೆಟರ್ ಆಗಿದ್ದೇ 2001ರಲ್ಲಿ, ಒಪ್ಪಂದ ಆಗಿ ತಿಂಗಳುಗಳಾದ ಮೇಲೆ. ಸಿಟ್ಟಿಗೆ ತಾರೀಕು ಎಲ್ಲಿ ಕಾಣುತ್ತದೆ ಬಿಡಿ.

ರಾಜಕೀಯದ ಸಿಟ್ಟು ಇಷ್ಟು ವರ್ಷ ಬಾಳುತ್ತದಾ? ಸ್ವಲ್ಪ ಮಟ್ಟಿಗೆ ಬಾಳುತ್ತದೆ. ಆದರೆ ಅದೊಂದೇ ಇದ್ದಿದ್ದರೆ ಹೊಸ ತಲೆಮಾರಿಗೆ ಮರೆತೇ ಹೋಗುತ್ತಿತ್ತು. ಇದನ್ನು ಜೀವಂತವಾಗಿ ಇಟ್ಟಿದ್ದು ಇನ್ನೊಂದು ಭಯ. ಬೇಕಾದ ಹೊತ್ತಲ್ಲೇ ಲಾಕ್ ತಾನಾಗಿ ಬಿದ್ದುಬಿಟ್ಟರೆ?

ಇದು ಪೂರ್ತಿ ಕಟ್ಟುಕಥೆ ಅಲ್ಲ. ಈ ಕಂಪನಿ ಸ್ಕ್ಯಾಂಡಿಯಂ ಎಂಬ ಲೋಹ ಬೆರೆಸಿದ ಅಲ್ಯೂಮಿನಿಯಂನಿಂದ ತೀರಾ ಹಗುರ ರಿವಾಲ್ವರ್‌ಗಳನ್ನು ಮಾಡುತ್ತದೆ. ಅದರ 329ಪಿಡಿ ಎಂಬ ಮಾದರಿಯ ತೂಕ ಮುಕ್ಕಾಲು ಕೆಜಿಯೊಳಗೆ. ಅದರಲ್ಲಿ ಹಾಕುವುದು .44 ಮ್ಯಾಗ್ನಮ್ ಎಂಬ ಭಾರೀ ಗುಂಡು. ಇದೇ ಗುಂಡಿನ ಉಕ್ಕಿನ ರಿವಾಲ್ವರ್ 1200 ಗ್ರಾಂ ಹತ್ತಿರ ತೂಗುತ್ತದೆ. ತೂಕ ಕಡಿಮೆಯಾದಷ್ಟೂ ಹಿಂದಕ್ಕೆ ಒದೆಯುವುದು ಜಾಸ್ತಿ. ಕರಡಿ ಇರುವ ಕಾಡಿಗೆ ಹೋಗುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಆಯುಧ ಅದು. ಆ ಒದೆತಕ್ಕೆ, ಸಣ್ಣ ಸ್ಪ್ರಿಂಗ್ ಹಿಡಿದಿಟ್ಟ ಲಾಕಿನ ತುಂಡು ಜಿಗಿದು ಮೇಲೆ ಬಂದು ಹ್ಯಾಮರನ್ನು ಕಚ್ಚಿಕೊಂಡ ಪ್ರಸಂಗಗಳನ್ನು ಬಳಸಿದವರು ಹೇಳಿದ್ದಾರೆ. ಅನುಭವಸ್ಥ ಬಂದೂಕು ಬರಹಗಾರರೂ ಬರೆದಿದ್ದಾರೆ. ದೂರುಗಳು ಹೆಚ್ಚಾಗಿ ಇಂಥ ಹಗುರ ಮೈ, ಭಾರಿ ಗುಂಡಿನ ಜೋಡಿಯ ಬಗ್ಗೆಯೇ. ಉಕ್ಕಿನ ರಿವಾಲ್ವರ್‌ನಲ್ಲಿ ಸಾಧಾರಣ ಗುಂಡು ಹೊಡೆಯುವವರು ಲಾಕ್ ಇದ್ದೂ ಸಾವಿರಾರು ಗುಂಡು ಹಾರಿಸಿದ್ದೇವೆ, ಒಮ್ಮೆಯೂ ಕೈಕೊಟ್ಟಿಲ್ಲ ಎನ್ನುತ್ತಾರೆ.

ಲಕ್ಷಗಟ್ಟಲೆ ಮಾರಾಟವಾದ ಸಾಮಾನಿನಲ್ಲಿ ಬೆರಳೆಣಿಕೆಯಷ್ಟು ತೊಂದರೆ. ಲೆಕ್ಕದ ಪ್ರಕಾರ ಅದು ಏನೂ ಅಲ್ಲ. ಆದರೆ ರಿವಾಲ್ವರ್ ಕೊಳ್ಳುವವನ ಮನಸ್ಸು ಇಲ್ಲಿ ಮುಖ್ಯ. ಇವತ್ತಿನ ಅಮೆರಿಕದಲ್ಲಿ ಪಿಸ್ತೂಲು ಹದಿನೈದು ಗುಂಡು ಹಿಡಿಯುತ್ತದೆ, ಬೇಗ ತುಂಬಬಹುದು. ರಿವಾಲ್ವರ್ ಹಿಡಿಯುವುದು ಐದೋ ಆರೋ. ಆದರೂ ಒಬ್ಬ ರಿವಾಲ್ವರನ್ನೇ ಆರಿಸುತ್ತಾನೆ ಎಂದರೆ ಕಾರಣ ಒಂದೇ. ಅದು ಸರಳ. ಸಿಕ್ಕಿಕೊಳ್ಳುವ ಮ್ಯಾಗಜಿನ್ (ಪಿಸ್ತೂಲಿನ ಹಿಡಿಯೊಳಗೆ ಹಾಕುವ ಗುಂಡಿನ ಡಬ್ಬಿ) ಇಲ್ಲ, ಮರೆತುಹೋಗುವ ಗುಂಡಿ ಇಲ್ಲ. ಟ್ರಿಗರ್ ಎಳೆದರೆ ಹಾರುತ್ತದೆ. ಒಂದು ಹಾರದಿದ್ದರೆ ಮತ್ತೆ ಎಳಿ, ಸಿಲಿಂಡರ್ ತಿರುಗಿ ಮುಂದಿನದು ಬರುತ್ತದೆ. ಆ ಒಂದು ಗುಣಕ್ಕೆ ದುಡ್ಡು ಕೊಡುವವನ ಮುಂದೆ, ಅದೇ ಗುಣಕ್ಕೆ ಅಡ್ಡಬರಬಹುದಾದ ಒಂದು ಭಾಗವನ್ನು ಸೇರಿಸಿ ಕೊಟ್ಟರೆ ಅವನಿಗೆ ಹೇಗನ್ನಿಸಬೇಡ? ಲಕ್ಷಕ್ಕೆ ಒಂದು ಸಲ ಅನ್ನುವ ಸಮಾಧಾನ ಅವನಿಗೆ ಸಾಲದು. ಅವನು ಆಯುಧ ಕೊಂಡಿದ್ದೇ ಲಕ್ಷಕ್ಕೆ ಒಂದು ಸಲ ಬರುವ ಆ ಕ್ಷಣಕ್ಕಾಗಿ.

ಪಿಸ್ತೂಲುಗಳ ವಿಷಯದಲ್ಲಿ ಇಷ್ಟು ಗದ್ದಲ ಆಗಲಿಲ್ಲ. ಇದೇ ಕಂಪನಿಯ ಎಂ ಆಂಡ್ ಪಿ ಪಿಸ್ತೂಲುಗಳು ಬಂದಾಗ ಒಳಲಾಕ್ ಬೇಕಾದವರಿಗೆ ಮಾತ್ರ ಎಂಬ ಆಯ್ಕೆ ಇತ್ತು. ಬೇಡ ಎಂದವರು ಬಿಟ್ಟರು, ಜಗಳ ಮುಗಿಯಿತು. ರಿವಾಲ್ವರ್ ಕೊಳ್ಳುವವರಿಗೆ ಕೆಲವು ಸಣ್ಣ ಮಾದರಿ ಬಿಟ್ಟರೆ ಬಹುಕಾಲ ಆ ಆಯ್ಕೆ ಇರಲಿಲ್ಲ.

ಇನ್ನು ಚೆಂದದ ವಿಚಾರ. ನಗಬೇಡಿ, ಇದೂ ಸಣ್ಣದಲ್ಲ. ಹಳೇ ಸ್ಮಿತ್ ಆಂಡ್ ವೆಸನ್ ರಿವಾಲ್ವರ್‌ಗಳ ನೀಲಿ ಹೊಳಪಿನ ಮೈ, ಮಟ್ಟಸವಾದ ಪಕ್ಕಗಳನ್ನು ಇಷ್ಟಪಟ್ಟು ಸಂಗ್ರಹಿಸುವವರು ಬಹಳ. ಕಂಪನಿ ಹಳೇ ಮಾದರಿಗಳನ್ನು ಕ್ಲಾಸಿಕ್ ಎಂದು ಹೆಸರಿಟ್ಟು ಮತ್ತೆ ತಂದಿತು. ಮರದ ಹಿಡಿ ಅದೇ, ಹೊಳಪು ಅದೇ. ನಟ್ಟನಡುವೆ ತೂತು. ಹಳೇ ಕಾಲದ ರೂಪಕ್ಕೆ ಮಾರುಹೋಗಿ ಸಾವಿರ ಡಾಲರ್ ಕೊಡಲು ಬಂದವನಿಗೆ ಮೊದಲು ಕಣ್ಣಿಗೆ ಬೀಳುವುದೇ ಅದು. ಕೆಲವರು ಲಾಕಿನ ಭಾಗ ತೆಗೆಸಿ ತೂತಿಗೆ ಬಿರಡೆ ಹಾಕಿಸುತ್ತಾರೆ. ಹಾಗೆ ಮಾಡಬೇಡಿ, ನಾಳೆ ಆತ್ಮರಕ್ಷಣೆಯ ಕೇಸು ಕೋರ್ಟಿಗೆ ಹೋದರೆ ಸುರಕ್ಷತಾ ಭಾಗವನ್ನೇ ಕಿತ್ತುಹಾಕಿದ ಬೇಜವಾಬ್ದಾರಿ ಮನುಷ್ಯ ಎಂದು ಎದುರು ವಕೀಲ ಹೇಳುತ್ತಾನೆ ಎಂದು ತಿಳಿದವರು ಎಚ್ಚರಿಸುತ್ತಾರೆ. ನನಗೆ ಈ ಎಚ್ಚರಿಕೆ ಸರಿ ಅನ್ನಿಸುತ್ತದೆ.

ಇಷ್ಟೆಲ್ಲ ಮಾತಾಡುವವರು ಎಷ್ಟು ಜನ? ಇಲ್ಲೇ ಜಾಣ ಕಂಪನಿಗಳು ಎಡವುವುದು ಅಥವಾ ಬಚಾವಾಗುವುದು. ದನಿ ಜೋರಾಗಿರುವವರೇ ಜಾಸ್ತಿ ಜನ ಅಂತ ಅಲ್ಲ. 2020ರಲ್ಲಿ ಕೋವಿಡ್, ಬೀದಿ ಗಲಭೆ, ಚುನಾವಣೆ ಎಲ್ಲ ಒಟ್ಟಿಗೆ ಬಂದಾಗ ಅಮೆರಿಕದಲ್ಲಿ ಮೊದಲ ಸಲ ಬಂದೂಕು ಕೊಂಡವರು 84 ಲಕ್ಷ ಎಂದು ಅಲ್ಲಿನ ಬಂದೂಕು ಉದ್ಯಮದ ಸಂಘಟನೆ ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರಿಗೆ 2000ದ ಒಪ್ಪಂದವೂ ಗೊತ್ತಿಲ್ಲ, ಲಾಕಿನ ಜಗಳವೂ ಗೊತ್ತಿಲ್ಲ. ಅಂಗಡಿಯಲ್ಲಿ ಇದ್ದದ್ದನ್ನು ಕೊಂಡರು. 2021ರ ಏಪ್ರಿಲ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಸ್ಮಿತ್ ಆಂಡ್ ವೆಸನ್ ವಹಿವಾಟು ಮೊದಲ ಬಾರಿಗೆ 100 ಕೋಟಿ ಡಾಲರ್ ದಾಟಿತು. ಅದರಲ್ಲಿ ಪಿಸ್ತೂಲು, ರೈಫಲ್‌ಗಳ ಪಾಲು ದೊಡ್ಡದು, ನಿಜ. ಆದರೂ ಲಾಕ್ ಇರುವ ರಿವಾಲ್ವರ್‌ಗಳು ಕಂಪನಿಯನ್ನು ಮುಳುಗಿಸಲಿಲ್ಲ ಎನ್ನುವುದು ಖಾತ್ರಿ.

ಇನ್ನೊಂದು ಒಳ್ಳೇ ಪುರಾವೆ ಕಂಪನಿಯ ಕ್ಯಾಟಲಾಗಿನಲ್ಲೇ ಇದೆ. 642 ಎಂಬ ಜೇಬಿನಲ್ಲಿಡುವ ಸಣ್ಣ ರಿವಾಲ್ವರ್ ಅವರ ಜನಪ್ರಿಯ ಮಾದರಿಗಳಲ್ಲೊಂದು. ಅದನ್ನು ಬಹಳ ವರ್ಷ ಲಾಕ್ ಇರುವುದು, ಇಲ್ಲದ್ದು ಎರಡೂ ರೂಪದಲ್ಲಿ ಅಕ್ಕಪಕ್ಕ ಮಾರಿದರು. ಲಾಕ್ ಅಷ್ಟು ಅಸಹ್ಯವಾಗಿದ್ದರೆ ಮೊದಲನೆಯದು ಅಂಗಡಿಯಲ್ಲೇ ಕೊಳೆಯಬೇಕಿತ್ತು. ಹಾಗಾಗಲಿಲ್ಲ. ಅಷ್ಟು ಬೇಕಾಗಿದ್ದರೆ ಎರಡನೆಯದನ್ನು ತರುವ ಅಗತ್ಯವೇ ಬರುತ್ತಿರಲಿಲ್ಲ. ಅದೂ ಆಗಲಿಲ್ಲ. ಲಾಕ್ ಇದ್ದಿದ್ದಕ್ಕೆ ಬೇಡ ಎಂದವರು ಇದ್ದರು. ಲಾಕ್ ಇದೆ ಎಂದೇ ಕೊಂಡವರು ಮಾತ್ರ ಸಿಗುವುದು ಅಪರೂಪ.

ಬೇರೆ ಕಂಪನಿಗಳ ದಾರಿ ನೋಡಿದರೆ ಇದು ಇನ್ನೂ ಸ್ಪಷ್ಟ. ಬ್ರೆಜಿಲ್‌ನ ಟಾರಸ್ 1990ರ ದಶಕದ ಕೊನೆಯಲ್ಲೇ ಹ್ಯಾಮರ್ ಹಿಂಭಾಗದಲ್ಲಿ ಕೀ ಹಾಕುವ ಲಾಕ್ ತಂದಿತ್ತು. ಈಚಿನ ಮಾದರಿಗಳಲ್ಲಿ ಸದ್ದಿಲ್ಲದೆ ತೆಗೆದಿದೆ. ಕೋಲ್ಟ್ 2017ರಲ್ಲಿ ಕೋಬ್ರಾ, 2020ರಲ್ಲಿ ಪೈಥಾನ್ ಹೆಸರಿನಲ್ಲಿ ರಿವಾಲ್ವರ್ ಮಾರುಕಟ್ಟೆಗೆ ಮರಳಿತು. ಎರಡರಲ್ಲೂ ಕೀ ಲಾಕ್ ಇಲ್ಲ. ಜಾಣತನ ಮಾಡಿದ್ದು ರೂಗರ್. ಅದರ ಎಲ್‌ಸಿಆರ್ ಎಂಬ ರಿವಾಲ್ವರ್‌ನಲ್ಲಿ ಒಳಲಾಕ್ ಇದೆ. ಆದರೆ ಅದಿರುವುದು ಹಿಡಿಯ ಕೆಳಗೆ. ಹಿಡಿ ಬಿಚ್ಚಿದರೆ ಮಾತ್ರ ಕಾಣುತ್ತದೆ. ವರ್ಷಗಟ್ಟಲೆ ಬಳಸಿದವರಿಗೂ ಅದು ಇದೆ ಎಂದು ಗೊತ್ತಿಲ್ಲದಿರಬಹುದು. ಅದರ ಮೇಲೆ ಯಾರೂ ಜಗಳ ಆಡಿದ್ದಿಲ್ಲ. ಅಂದರೆ ಗಲಾಟೆ ಲಾಕಿಗಲ್ಲ, ಕಣ್ಣಿಗೆ ಕಾಣುವ ಲಾಕಿಗೆ ಎಂದಾಯಿತು. ಹಿಡಿ ಬಿಚ್ಚಿ ಹಾಕುವ ಲಾಕನ್ನು ದಿನವೂ ಯಾರು ಹಾಕುತ್ತಾರೆ ಅನ್ನುವುದು ಬೇರೆ ಮಾತು. ಯಾರೂ ಹಾಕುವುದಿಲ್ಲ. ಅದು ಇರುವುದು ಮಗುವಿಗಾಗಿ ಅಲ್ಲ, ವಕೀಲರಿಗಾಗಿ. ಬೆಂಗಳೂರಿನಲ್ಲಿ ತಲೆಗಲ್ಲ, ಟ್ರಾಫಿಕ್ ಪೊಲೀಸರಿಗೆ ಅಂತ ಹಾಕಿಕೊಳ್ಳುವ ಅರ್ಧ ಹೆಲ್ಮೆಟ್ ಇದೆಯಲ್ಲ, ಹೆಚ್ಚೂಕಡಿಮೆ ಅದೇ ಕಥೆ.

ಕಾನೂನು ಇಲ್ಲಿ ಸಹಾಯ ಮಾಡಿತಾ? ಮೇರಿಲ್ಯಾಂಡ್ ರಾಜ್ಯ 2000ದಲ್ಲಿ ಕಾನೂನು ಮಾಡಿ, 2002ರ ನಂತರ ತಯಾರಾದ ಪಿಸ್ತೂಲು, ರಿವಾಲ್ವರ್‌ಗಳಲ್ಲಿ ಒಳಗೇ ತಡೆ ವ್ಯವಸ್ಥೆ ಇರಬೇಕು ಎಂದಿತು. ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದಿದ್ದು 2005ರಲ್ಲಿ. ಲೈಸೆನ್ಸ್ ಇರುವ ಅಂಗಡಿಯವರು ಪಿಸ್ತೂಲು ಅಥವಾ ರಿವಾಲ್ವರ್ ಮಾರುವಾಗ ಜೊತೆಗೆ ಲಾಕೋ ಪೆಟ್ಟಿಗೆಯೋ ಕೊಡಲೇಬೇಕು ಎಂದು ಅದು ಹೇಳುತ್ತದೆ. ತಮಾಷೆ ಎಂದರೆ ಕಂಪನಿಗಳ ಮೇಲೆ ಕೇಸು ಹಾಕುವ ನಗರಗಳ ದಾರಿ ಮುಚ್ಚಿದ್ದೂ ಅದೇ ಕಾಯ್ದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಅದಾದ ಮೇಲೆ ಪ್ರತಿ ಡಬ್ಬದಲ್ಲೂ ಒಂದು ಕೇಬಲ್ ಲಾಕ್ ಬರತೊಡಗಿತು. ಉದ್ದ ತಂತಿಯನ್ನು ನಳಿಗೆಯೊಳಗೋ ಸಿಲಿಂಡರ್ ಮೂಲಕವೋ ತೂರಿಸಿ ಬೀಗ ಹಾಕುವ ಅಗ್ಗದ ಸಾಧನ. ಇಂಥವನ್ನು ಉದ್ಯಮದ ಸಂಘಟನೆಯೇ 1999ರಿಂದ 4 ಕೋಟಿಗೂ ಜಾಸ್ತಿ ಪುಕ್ಕಟೆ ಹಂಚಿದೆ. ಕಾನೂನಿಗೆ ಅಷ್ಟು ಸಾಕು ಎಂದಾದ ಮೇಲೆ ಒಳಲಾಕ್ ಇಟ್ಟುಕೊಳ್ಳಲು ಹೆಚ್ಚಿನ ಕಡೆ ಕಾರಣವೇ ಉಳಿಯಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಬಂದೂಕುಪ್ರಿಯರ ಪರ ವಕಾಲತ್ತು ಮಾಡಿದ ಹಾಗಾಗುತ್ತದೆ. ಹಾಗಲ್ಲ. ಬೀಗ ಹಾಕಿಡುವುದರಿಂದ ಜೀವ ಉಳಿಯುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಇದೆ. 2005ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಬಂದೂಕಿಗೆ ಬೀಗ ಹಾಕಿಡುವುದು, ಗುಂಡು ತೆಗೆದಿಡುವುದು, ಗುಂಡನ್ನು ಬೇರೆ ಕಡೆ ಬೀಗದಲ್ಲಿಡುವುದು, ಇವು ಒಂದೊಂದೂ ಮಕ್ಕಳ ಹಾಗೂ ಹದಿಹರೆಯದವರ ಆತ್ಮಹತ್ಯೆ, ಆಕಸ್ಮಿಕ ಗಾಯಗಳ ಅಪಾಯ ಕಡಿಮೆ ಇರುವುದರ ಜೊತೆ ತಳುಕು ಹಾಕಿಕೊಂಡಿವೆ ಎಂದು ತೋರಿಸಿತು. ಮಕ್ಕಳ ಕೈಗೆ ಬಂದೂಕು ಸಿಗುವಂತೆ ಬಿಟ್ಟರೆ ದೊಡ್ಡವರನ್ನು ಹೊಣೆ ಮಾಡುವ ಕಾನೂನುಗಳಿಂದಲೂ ಇಂಥ ಸಾವು ಕಡಿಮೆಯಾಗುತ್ತದೆ ಎಂದು ಅಮೆರಿಕದ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ ಹೇಳಿದೆ.

ಆತ್ಮಹತ್ಯೆಯ ಮಾತು ಇಲ್ಲಿ ಸುಮ್ನೆ ಬಂದಿದ್ದಲ್ಲ. 2021ರಲ್ಲಿ ಅಮೆರಿಕದಲ್ಲಿ ಗುಂಡೇಟಿನಿಂದ ಸತ್ತವರು 48,830. ಅದರಲ್ಲಿ 26,328 ಆತ್ಮಹತ್ಯೆ. ಅರ್ಧಕ್ಕೂ ಜಾಸ್ತಿ. ಕಳ್ಳ ಬರುತ್ತಾನೆ ಎಂದು ತಂದಿಟ್ಟ ಆಯುಧ ಮನೆಯವರದೇ ಜೀವ ತೆಗೆಯುವುದು ಅಲ್ಲಿನ ದೊಡ್ಡ ದುರಂತ. ಸಾಯಬೇಕು ಎಂಬ ಯೋಚನೆ ಎಷ್ಟೋ ಸಲ ಕೆಲವು ನಿಮಿಷದ ಆವೇಗ. ಆ ಹೊತ್ತಲ್ಲಿ ಆಯುಧ ಕೈಗೆ ಸಿಗದಿದ್ದರೆ ಮನುಷ್ಯ ಉಳಿದುಕೊಳ್ಳುತ್ತಾನೆ. ಮಗನ ಕೈಗೆ ಸಿಗದಂತೆ ಅಪ್ಪ ಹಾಕಿದ ಬೀಗ ಅಲ್ಲಿ ಕೆಲಸ ಮಾಡುತ್ತದೆ. ಆದರೆ ಬೀಗದ ಕೈ ಇರುವುದು ಅಪ್ಪನ ಹತ್ತಿರವೇ. ಸಂಕಟ ಅಪ್ಪನದೇ ಆದರೆ ಆ ಬೀಗ ಏನೂ ಮಾಡುವುದಿಲ್ಲ.

ಗಮನಿಸಬೇಕಾದ ಒಂದು ವಿಷಯ ಇದೆ. ಈ ಅಧ್ಯಯನಗಳು ಹೇಳುವುದು ಬೀಗ ಹಾಕಿದ ಬಂದೂಕಿನ ಬಗ್ಗೆ. ಬೀಗ ಇರುವ ಬಂದೂಕಿನ ಬಗ್ಗೆ ಅಲ್ಲ. ಒಳಲಾಕ್ ಸೋಲುವುದು ಇಲ್ಲೇ. ಆತ್ಮರಕ್ಷಣೆಗೆ ಎಂದು ತಂದವನು ಹಾಸಿಗೆ ಪಕ್ಕದ ಡ್ರಾಯರ್‌ನಲ್ಲಿ ಗುಂಡು ತುಂಬಿ ಇಡುತ್ತಾನೆ. ನಡುರಾತ್ರಿ ಬಾಗಿಲು ಮುರಿಯುವ ಸದ್ದಾದರೆ ಕತ್ತಲಲ್ಲಿ ಚಿಕ್ಕ ಕೀ ಹುಡುಕಿ, ಚಿಕ್ಕ ತೂತಿಗೆ ಹಾಕಿ, ನಡುಗುವ ಕೈಯಲ್ಲಿ ತಿರುಗಿಸುವುದು ಆಗದ ಮಾತು. ಅದು ಅವನಿಗೂ ಗೊತ್ತು. ಹಾಗಾಗಿ ಕೀ ಡಬ್ಬದಲ್ಲೇ ಉಳಿಯುತ್ತದೆ. ಇನ್ನು ಗುರಿ ಹೊಡೆಯುವ ಹವ್ಯಾಸಕ್ಕೆ, ಸಂಗ್ರಹಕ್ಕೆ ಎಂದು ಕೊಂಡವನಿಗೆ ಹೇಗೂ ದೊಡ್ಡ ಕಬ್ಬಿಣದ ಸೇಫ್ ಇರುತ್ತದೆ. ಅದರೊಳಗಿಟ್ಟ ಮೇಲೆ ಇನ್ನೊಂದು ಬೀಗ ಯಾಕೆ? ಒಳಲಾಕ್ ಈ ಇಬ್ಬರಿಗೂ ಸಲ್ಲುವುದಿಲ್ಲ. ಕಳ್ಳತನಕ್ಕೂ ಅಷ್ಟೇ. ಲಾಕ್ ಹಾಕಿದ ರಿವಾಲ್ವರನ್ನು ಕಳ್ಳ ಜೇಬಿಗೆ ಹಾಕಿಕೊಂಡು ಹೋಗಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತಾನೆ.

ಇಷ್ಟಾದರೂ ಜನ ಸುರಕ್ಷತೆಗೆ ದುಡ್ಡು ಹಾಕುವುದಿಲ್ಲ ಅಂತಲ್ಲ. ಗೋಡೆಗೋ ಮಂಚಕ್ಕೋ ಭದ್ರವಾಗಿ ಬಿಗಿದಿಡುವ, ನಾಲ್ಕು ಗುಂಡಿ ಒತ್ತಿದರೆ ಎರಡು ಮೂರು ಸೆಕೆಂಡಿನಲ್ಲಿ ತೆರೆಯುವ ಸಣ್ಣ ಪೆಟ್ಟಿಗೆಗಳು ಅಲ್ಲಿ ಧಾರಾಳವಾಗಿ ಸಿಗುತ್ತವೆ. ಮಕ್ಕಳಿರುವ ಮನೆಯವರು ಕೊಳ್ಳುವುದು ಅದನ್ನು. ಅದರಲ್ಲಿ ರಾಜಕೀಯ ಇಲ್ಲ, ಆಯುಧದ ಒಳಗೆ ಕೈ ಹಾಕುವ ಮಾತಿಲ್ಲ. ಕತ್ತಲಲ್ಲೂ ತೆರೆಯಬಹುದು. ಆಯುಧ ಕಾಣಿಸುವುದೂ ಇಲ್ಲ, ಸಿಗುವುದೂ ಇಲ್ಲ. ಇದೇ ಕೆಲಸವನ್ನು ಆಯುಧದ ಒಳಗೇ ಮಾಡಿಸಲು ಹೊರಟ ಸ್ಮಾರ್ಟ್ ಗನ್‌ಗಳ ಪಾಡು ನೋಡಿ. ನ್ಯೂಜೆರ್ಸಿ 2002ರಲ್ಲಿ ಒಂದು ಕಾನೂನು ಮಾಡಿತು. ಮಾಲೀಕನನ್ನು ಗುರುತಿಸುವ ಪಿಸ್ತೂಲು ದೇಶದಲ್ಲಿ ಎಲ್ಲಾದರೂ ಮಾರಾಟಕ್ಕೆ ಬಂದರೆ, ಮೂರು ವರ್ಷದ ನಂತರ ತನ್ನ ರಾಜ್ಯದಲ್ಲಿ ಅಂಥವನ್ನೇ ಮಾರಬೇಕು ಎಂದಿತು. ಒಳ್ಳೆಯದು ಮಾಡಲು ಹೋಗಿ ಆ ತಂತ್ರಜ್ಞಾನಕ್ಕೇ ಕಲ್ಲು ಹಾಕಿದ ಹಾಗಾಯಿತು. 2014ರಲ್ಲಿ ಜರ್ಮನಿಯ ಆರ್ಮಾಟಿಕ್ಸ್ ಪಿಸ್ತೂಲನ್ನು ಮಾರುತ್ತೇನೆ ಎಂದ ಮೇರಿಲ್ಯಾಂಡಿನ ಅಂಗಡಿಯವರೊಬ್ಬರಿಗೆ ಕೊಲೆ ಬೆದರಿಕೆಗಳು ಬಂದು ಕೈಬಿಟ್ಟರು. 2017ರಲ್ಲಿ ಅದೇ ಪಿಸ್ತೂಲಿನ ತಡೆಯನ್ನು 15 ಡಾಲರಿನ ಅಯಸ್ಕಾಂತಗಳಿಂದ ದಾಟಬಹುದು ಎಂದು ಹ್ಯಾಕರ್ ಒಬ್ಬ ತೋರಿಸಿದ. ನ್ಯೂಜೆರ್ಸಿ 2019ರಲ್ಲಿ ಕಾನೂನನ್ನು ಸಡಿಲ ಮಾಡಿತು. ಮತ್ತದೇ ಪಾಠ. ಕೊಳ್ಳುವವನ ಮೇಲೆ ಹೇರಿದರೆ ಅವನು ವಸ್ತುವನ್ನಷ್ಟೇ ಅಲ್ಲ, ಅದರ ಹಿಂದಿನ ಆಲೋಚನೆಯನ್ನೂ ದ್ವೇಷಿಸತೊಡಗುತ್ತಾನೆ.

ಇದೆಲ್ಲ ನಮಗೆ ಯಾಕೆ ಅಂತ ಕೇಳಬಹುದು. ಭಾರತದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ ಎನ್ನಬಹುದು. ಲೈಸೆನ್ಸಿಗೆ ಅಲೆದು, ಕಾರಣ ಒಪ್ಪಿಸಿ, ಪೊಲೀಸ್ ವರದಿ ಆಗಿ, ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಕೈಗೆ ಬರುವ ಹೊತ್ತಿಗೆ ಆಯ್ಕೆಯ ಮಾತೆಲ್ಲಿ? 2014ರಲ್ಲಿ ಹೆಂಗಸರಿಗೆಂದು ತಂದ ನಿರ್ಭೀಕ್ ರಿವಾಲ್ವರ್ ಬೆಲೆಯೇ ಒಂದು ಲಕ್ಷ ರೂಪಾಯಿ ದಾಟಿತ್ತು. ಅಷ್ಟು ಬೆಲೆಯ ವಸ್ತು ಒಡವೆ ಜೊತೆ ಬೀರುವಿನ ಒಳಖಾನೆ ಸೇರುತ್ತದೆ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಅಲ್ಲಿ ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜೆ ಮಾಡುವುದು ಕೋವಿಗೆ. ಅದರ ಸುರಕ್ಷತೆಯ ಲೆಕ್ಕವೇ ಬೇರೆ.

ನಿಜವಾದ ಸಂಬಂಧ ಇರುವುದು ಅಮೆರಿಕದಲ್ಲಿರುವ ಕನ್ನಡಿಗರಿಗೆ. ಎಚ್-1ಬಿ ತರಹದ ವೀಸಾದಲ್ಲಿ ಇರುವವರು ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಳ್ಳಬಹುದು. ಅಂಥವರು ಅಂಗಡಿಗೆ ಹೋದರೆ ತೂತಿನ ಬಗ್ಗೆ ಒಬ್ಬರಾದರೂ ಭಾಷಣ ಮಾಡಿಯೇ ಮಾಡುತ್ತಾರೆ. ಲಾಕ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಉಕ್ಕಿನ ಸಾಧಾರಣ ರಿವಾಲ್ವರ್‌ನಲ್ಲಿ ಅದು ನಿಮಗೆ ತೊಂದರೆ ಕೊಡುವ ಸಾಧ್ಯತೆ ತೀರಾ ಕಡಿಮೆ. ಆ ಚರ್ಚೆಗೆ ಕಳೆಯುವ ಹೊತ್ತನ್ನು ಪೆಟ್ಟಿಗೆ ಆರಿಸಲು ಕಳೆಯಿರಿ. ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ, ಅಕ್ಕನ ಮಕ್ಕಳು ಬರುತ್ತಾರೆ. ಡ್ರಾಯರ್ ಎಳೆದು ನೋಡುವುದು ಮಕ್ಕಳ ಸ್ವಭಾವ. ಬಂದೂಕು ಇಲ್ಲದವರಿಗೂ ಒಂದು ಮಾತು. ಮಗುವನ್ನು ಪಕ್ಕದ ಮನೆಗೆ ಆಡಲು ಕಳಿಸುವ ಮುಂಚೆ, ನಿಮ್ಮಲ್ಲಿ ಬಂದೂಕು ಇದೆಯಾ, ಬೀಗದಲ್ಲಿದೆಯಾ ಎಂದು ಕೇಳಿ ಎಂದು ಅಲ್ಲಿನ ಮಕ್ಕಳ ವೈದ್ಯರೇ ಹೇಳುತ್ತಾರೆ. ನಮ್ಮವರಿಗೆ ಇದು ಮುಜುಗರದ ಪ್ರಶ್ನೆ. ಮಗುವಿಗೆ ಕಡಲೆಕಾಯಿ ಆಗುವುದಿಲ್ಲ ಎಂದು ಹೇಳಲು ನಾಚದವರು ಇದನ್ನು ಕೇಳಲು ನಾಚಬೇಕಿಲ್ಲ.

ಇನ್ನು ಸ್ಮಿತ್ ಆಂಡ್ ವೆಸನ್ ಮುಂದೇನು ಮಾಡುತ್ತದೆ ಎಂಬ ಕುತೂಹಲ. 2024ರ ಸಣ್ಣ ರಿವಾಲ್ವರ್‌ಗಳ ನಂತರ ಹಳೇ ಕ್ಲಾಸಿಕ್ ಮಾದರಿಗಳಲ್ಲೂ ಕೆಲವನ್ನು ತೂತಿಲ್ಲದೆ ತಂದಿದೆ. ಹಾಗಾದರೆ ಎಲ್ಲದರಿಂದಲೂ ಒಮ್ಮೆಗೇ ತೆಗೆದುಬಿಡಬಹುದಲ್ಲ? ಅಲ್ಲೇ ಇರುವುದು ಫಜೀತಿ. ಇಲ್ಲದ್ದನ್ನು ಸೇರಿಸದೇ ಇರುವುದು ಒಂದು, ಇದ್ದದ್ದನ್ನು ತೆಗೆಯುವುದು ಇನ್ನೊಂದು. ನಾಳೆ ಯಾವುದೋ ಮನೆಯಲ್ಲಿ ಮಗುವಿಗೆ ಗುಂಡು ತಗುಲಿದರೆ, ಇಪ್ಪತ್ತು ವರ್ಷ ಇದ್ದ ಸುರಕ್ಷತಾ ಭಾಗವನ್ನು ಮಾರಾಟಕ್ಕೋಸ್ಕರ ಯಾಕೆ ಕಿತ್ತಿರಿ ಎಂದು ಕೇಳುವ ವಕೀಲ ಇದ್ದೇ ಇರುತ್ತಾನೆ. 2005ರ ಕಾಯ್ದೆ ಕಂಪನಿಗಳಿಗೆ ದೊಡ್ಡ ರಕ್ಷಣೆ ಕೊಟ್ಟಿದ್ದರೂ ವಿನ್ಯಾಸದ ದೋಷದ ದಾವೆಗೆ ಅದರಲ್ಲಿ ಒಂದು ಕಿಂಡಿ ಉಳಿದಿದೆ. ಕೋಲ್ಟ್‌ಗೆ ಈ ತಲೆನೋವು ಇಲ್ಲ, ಅದು ಮರಳಿ ಬರುವಾಗಲೇ ಕೀ ಲಾಕ್ ಇಲ್ಲದೆ ಬಂತು. ಸ್ಮಿತ್ ಆಂಡ್ ವೆಸನ್ ಮಾತ್ರ ಒಂದೊಂದೇ ಮಾದರಿಯಲ್ಲಿ, ಹೊಸ ಹೆಸರಿನಲ್ಲಿ, ನಿಧಾನಕ್ಕೆ ತೂತು ಮುಚ್ಚುತ್ತಾ ಹೋಗುತ್ತಿದೆ. ಲಾಕ್ ಇರುವುದನ್ನೂ ಪಕ್ಕದಲ್ಲೇ ಮಾರುತ್ತಿದೆ.